ಬೂದಿಯೊಳಗಿನ ಕೆಂಡ

ಸಸ್ಪೆಂಡ್ ಎಂಬುದಕ್ಕೆ ಪತ್ರಿಕೆಗಳ ಕನ್ನಡದಲ್ಲಿ ಅಮಾನತು ಎನ್ನುತ್ತಾರೆ. ಯಾರೋ ಅಮಾನತಾದರು ಎಂದರೆ ಅದು ಅವಮಾನದ ಸುದ್ದಿ. ಅರಬ್ಬಿಯಿಂದ ಬಂದ ಈ ಪದದ ಮೂಲಾರ್ಥವೇ ಬೇರೆ: ನಂಬಿ ಒಬ್ಬರ ವಶಕ್ಕೆ ಒಪ್ಪಿಸಿದ್ದು, ಕೇಳಿದಾಗ ಇದ್ದ ಹಾಗೆಯೇ ಹಿಂದಿರುಗಬೇಕಾದ ಇಡುಗಂಟು. ಲ್ಯಾಪ್‌ಟಾಪನ್ನು ಸಸ್ಪೆಂಡ್ ಮಾಡಿದಾಗ ನಡೆಯುವುದು ಈ ಹಳೆಯ ಅರ್ಥದ ಅಮಾನತು.

ಪರದೆ ಆರುತ್ತದೆ, ಫ್ಯಾನಿನ ಸದ್ದು ನಿಲ್ಲುತ್ತದೆ. ಒಳಗೆ, ಲಿನಕ್ಸ್ ಇರುವ ಯಂತ್ರದಲ್ಲಿ, ಅದರ ತಿರುಳಾದ ಕರ್ನೆಲ್, ಓಡುತ್ತಿದ್ದ ಪ್ರೋಗ್ರಾಮುಗಳನ್ನು ಇದ್ದಲ್ಲೇ ನಿಲ್ಲಿಸಿ, ಸಾಧನಗಳನ್ನು ಮಲಗಿಸಿ, ಕೊನೆಗೆ ಪ್ರೊಸೆಸರನ್ನೂ ಮಲಗಿಸುತ್ತದೆ. ಮೆಮೊರಿ ಮಾತ್ರ ಎಚ್ಚರವಾಗಿರುತ್ತದೆ. ಅಲ್ಲಿ ಒಂದೊಂದು ಬಿಟ್ ಎಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕೆಪಾಸಿಟರಿನಲ್ಲಿ ನಿಂತ ಚೂರು ವಿದ್ಯುತ್ತು. ಅದು ಸೋರುತ್ತಲೇ ಇರುತ್ತದೆ. ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ ಓದಿ ಮತ್ತೆ ತುಂಬುತ್ತಿರಬೇಕು. ಉಳಿದೆಲ್ಲ ಮಲಗಿದ ಮೇಲೆ ಮೆಮೊರಿ ಈ ಕೆಲಸವನ್ನು ತಾನೇ ಮಾಡಿಕೊಳ್ಳುತ್ತದೆ. ಅರ್ಧ ಬರೆದ ವಾಕ್ಯವೂ ಅದರ ತುದಿಯ ಕರ್ಸರೂ ಬೆಳಗಿನವರೆಗೆ ಉಳಿಯುವುದು ಹೀಗೆ. ವಿಶ್ರಾಂತಿ ಎಂದರೆ ಏನೂ ನಡೆಯದಿರುವುದು ಎಂದುಕೊಂಡಿದ್ದೆ. ಇಲ್ಲಿ ನೋಡಿದರೆ ನಿದ್ದೆಯೇ ಒಂದು ಕಾವಲು.

ಲಿನಕ್ಸಿನಲ್ಲಿ ಬಳಸುವ ಗ್ನೋಮ್ ಎಂಬ ಮುಕ್ತ ತಂತ್ರಾಂಶದ ಡೆಸ್ಕ್‌ಟಾಪಿನಲ್ಲಿ ಈ ಕಾವಲಿಗೆ ವರ್ಷಗಟ್ಟಲೆ ಕಣ್ಣಿಗೆ ಕಾಣುವ ಜಾಗವೇ ಇರಲಿಲ್ಲ. ಆರಂಭದಲ್ಲಿ ಹಾಗಿರಲಿಲ್ಲ: 2011ರ ಏಪ್ರಿಲಿನಲ್ಲಿ ಗ್ನೋಮ್ 3 ಬಂದಾಗ ಮೆನುವಿನಲ್ಲಿದ್ದದ್ದು ಸಸ್ಪೆಂಡ್ ಮಾತ್ರ. ಪವರ್ ಆಫ್ ಬೇಕಾದರೆ ಆಲ್ಟ್ ಕೀಲಿ ಒತ್ತಿ ಹಿಡಿಯಬೇಕಿತ್ತು. ಜನ ತಕರಾರು ತೆಗೆದರು. ಮುಂದೆ ಅದು ತಿರುವುಮುರುವಾಯಿತು: ಪವರ್ ಆಫ್ ಎದುರಿಗೆ ಬಂತು, ಸಸ್ಪೆಂಡ್ ಆಲ್ಟ್ ಕೀಲಿಯ ಹಿಂದೆ ಸರಿಯಿತು. ಗುಟ್ಟು ಗೊತ್ತಿದ್ದವರು ಕೀಲಿ ಹಿಡಿದು ಕೆಲಸ ಸಾಗಿಸಿಕೊಂಡರು. ಗೊತ್ತಿಲ್ಲದವರಿಗೆ ಕಂಡದ್ದು ಯಂತ್ರವನ್ನು ಪೂರ್ತಿ ಆರಿಸುವ ಗುಂಡಿ ಮಾತ್ರ. ಮುಚ್ಚಳ ಮುಚ್ಚಿದರೆ ಸಾಕಲ್ಲ ಎನ್ನಬಹುದು. ಹೊರಗಿನ ಮಾನಿಟರ್ ಜೋಡಿಸಿಕೊಂಡು ಕೂತವರಿಗೆ ಆ ದಾರಿ ಸಾಮಾನ್ಯವಾಗಿ ಇರುವುದಿಲ್ಲ. ಮೆನು ಹಗುರವಾಗಿರಲಿ ಎಂಬ ವಿನ್ಯಾಸಕಾರರ ಆಸೆ ಒಳ್ಳೆಯದೇ. ಆದರೆ ಒಂದು ಸಾಲು ತೆಗೆದಾಗ, ನಿಲ್ಲಿಸುವುದಕ್ಕೂ ಮುಗಿಸುವುದಕ್ಕೂ ಇರುವ ಭೇದವೂ ಅದರ ಜೊತೆಗೇ ಹೋಯಿತು.

ಆ ಭೇದ ನಮ್ಮ ಅಜ್ಜಿಗೆ ಚೆನ್ನಾಗಿ ಗೊತ್ತಿತ್ತು. ರಾತ್ರಿ ಅವಳು ಒಲೆಗೆ ನೀರು ಹಾಕುತ್ತಿರಲಿಲ್ಲ. ಕೊಳ್ಳಿಗಳನ್ನು ಹಿಂದಕ್ಕೆಳೆದು, ಕೆಂಡವನ್ನು ಮೂಲೆಗೆ ಗುಡ್ಡೆ ಮಾಡಿ, ಮೇಲೆ ಬೂದಿ ಮುಚ್ಚುತ್ತಿದ್ದಳು. ಬೆಳಿಗ್ಗೆ ಊದುಗೊಳವೆಯಿಂದ ಎರಡು ಸಲ ಊದಿದರೆ ಬೂದಿ ಹಾರಿ ಕೆಂಪು ಕಾಣುತ್ತಿತ್ತು, ಒಣಗಿದ ತೆಂಗಿನ ಗರಿ ಒಡ್ಡಿದರೆ ಉರಿ. ಬೂದಿ ಮುಚ್ಚಿದ ಕೆಂಡ ಎಂದರೆ ನಮಗೆಲ್ಲ ಒಳಗೇ ಅಡಗಿಸಿಟ್ಟ ಸಿಟ್ಟು. ನುಡಿಗಟ್ಟು ಆ ಕೆಂಡಕ್ಕೆ ಅನ್ಯಾಯ ಮಾಡಿದೆ ಎನ್ನಿಸುತ್ತದೆ. ಅಜ್ಜಿ ಅಲ್ಲಿ ಮುಚ್ಚಿಟ್ಟದ್ದು ನಾಳೆಯ ಅಡುಗೆಯನ್ನು.

ಮನುಷ್ಯರ ವಿಷಯದಲ್ಲೂ ನಮ್ಮ ಮೆನುವಿನಲ್ಲಿ ಎಷ್ಟೋ ಸಲ ಒಂದೇ ಗುಂಡಿ. ಬಾಣಂತನಕ್ಕೆಂದು ಸಂಗೀತ ನಿಲ್ಲಿಸಿದವಳನ್ನು ಹಾಡು ಬಿಟ್ಟೇಬಿಟ್ಟಳು ಎನ್ನುತ್ತೇವೆ. ಅಪ್ಪನ ಕಾಯಿಲೆಯಿಂದ ಕಾಲೇಜು ನಿಂತ ಹುಡುಗನ ಓದು ಅಲ್ಲಿಗೆ ಮುಗಿಯಿತು ಎಂದು ಮನೆಯವರೇ ತೀರ್ಮಾನಿಸಿಬಿಡುತ್ತಾರೆ. ಒಳಗೆ ಇನ್ನೂ ಏನೋ ಕಾವಲು ಕೂತಿದೆಯೇ ಎಂದು ಕೇಳುವವರು ಕಡಿಮೆ. ಕಾವಲಿಗೂ ಕಾಲಮಿತಿ ಇದೆ ಎಂಬುದನ್ನು ಮರೆಯುವಂತಿಲ್ಲ: ಬ್ಯಾಟರಿ ಬರಿದಾದರೆ ಮೆಮೊರಿಯಲ್ಲಿದ್ದದ್ದೆಲ್ಲ ಹೋಯಿತು, ಬೂದಿ ತಣ್ಣಗಾದರೆ ಕೆಂಡವೂ ಹೋಯಿತು. ಹಾಗಾಗಿ ಕೇಳುವುದಾದರೆ ಬೇಗ ಕೇಳಬೇಕು.

2020ರ ಮಾರ್ಚಿನಲ್ಲಿ ಗ್ನೋಮ್ 3.36 ಬಂತು. ಅದರ ಮೆನುವಿನಲ್ಲಿ ಸಸ್ಪೆಂಡ್ ತನ್ನ ಹೆಸರಿನೊಂದಿಗೆ ಮರಳಿತು. ಈಗ ಅದಕ್ಕಾಗಿ ಯಾವ ಕೀಲಿಯನ್ನೂ ಒತ್ತಿ ಹಿಡಿಯಬೇಕಿಲ್ಲ.