ಕಾಗದಕ್ಕೆ ಬಾಗಿದ ಉಕ್ಕು

1952ರ ಏಪ್ರಿಲ್‌ನಲ್ಲಿ ವಾಷಿಂಗ್ಟನ್ನಿನ ಜಿಲ್ಲಾ ನ್ಯಾಯಾಲಯದಲ್ಲಿ ನಡೆದ ಒಂದು ಪ್ರಶ್ನೋತ್ತರ ನನ್ನ ಮನಸ್ಸಿನಲ್ಲಿ ಬಹಳ ದಿನಗಳಿಂದ ಕೂತುಬಿಟ್ಟಿದೆ.

ಆಗ ಕೊರಿಯಾದಲ್ಲಿ ಯುದ್ಧ. ಅಮೆರಿಕದಲ್ಲಿ ಉಕ್ಕಿನ ಕಾರ್ಖಾನೆಗಳ ಕಾರ್ಮಿಕರು ಮುಷ್ಕರಕ್ಕೆ ಅಣಿಯಾಗಿದ್ದರು. ಉಕ್ಕು ನಿಂತರೆ ರಣರಂಗಕ್ಕೆ ಹೋಗುವ ಮದ್ದುಗುಂಡೂ ನಿಲ್ಲುತ್ತದೆ ಎಂಬ ಆತಂಕದಲ್ಲಿ ಅಧ್ಯಕ್ಷ ಹ್ಯಾರಿ ಟ್ರೂಮನ್ ಏಪ್ರಿಲ್ 8ರಂದು ದೇಶದ ಬಹುಪಾಲು ಉಕ್ಕಿನ ಕಾರ್ಖಾನೆಗಳನ್ನು ಸರ್ಕಾರದ ವಶಕ್ಕೆ ತೆಗೆದುಕೊಂಡರು. ಕಂಪನಿಗಳ ಯಜಮಾನರು ರಾತ್ರಿ ಕಳೆಯುವುದರೊಳಗೆ ಸರ್ಕಾರದ ಪರವಾಗಿ ದುಡಿಯುವ ಮ್ಯಾನೇಜರುಗಳಾಗಿದ್ದರು. ಹೀಗೆ ಮಾಡಬಹುದೆಂದು ಹೇಳುವ ಕಾನೂನನ್ನು ಅಲ್ಲಿನ ಶಾಸಕಾಂಗವಾದ ಕಾಂಗ್ರೆಸ್ ಮಾಡಿರಲಿಲ್ಲ.

ಕಂಪನಿಗಳು ಕೋರ್ಟಿಗೆ ಹೋದವು. ಅಧ್ಯಕ್ಷರ ಅಧಿಕಾರಕ್ಕೆ ಮಿತಿ ಯಾವುದು ಎಂಬ ಮಾತು ಬಂತು. ಎರಡು ಮಿತಿಗಳಿವೆ ಎಂದರು ಸರ್ಕಾರಿ ವಕೀಲರು: ಒಂದು ಮತಪೆಟ್ಟಿಗೆ, ಇನ್ನೊಂದು ವಾಗ್ದಂಡನೆ. ನ್ಯಾಯಾಧೀಶ ಡೇವಿಡ್ ಪೈನ್ ಬಿಡಲಿಲ್ಲ. ಹಾಗಾದರೆ ಜನರು ಸಂವಿಧಾನ ಬರೆದುಕೊಂಡಾಗ ಕಾಂಗ್ರೆಸ್ಸಿಗೆ ಬೇಲಿ ಹಾಕಿದರು, ನ್ಯಾಯಾಲಯಕ್ಕೂ ಹಾಕಿದರು, ಅಧ್ಯಕ್ಷರಿಗೆ ಮಾತ್ರ ಹಾಕಲಿಲ್ಲ ಎನ್ನುತ್ತೀರಾ ಎಂದು ಕೇಳಿದರು. ನಾವು ಅದನ್ನು ಓದಿಕೊಂಡಿರುವುದು ಹಾಗೆಯೇ ಎಂಬ ಅರ್ಥದ ಉತ್ತರ ಬಂತು.

ಈ ಉತ್ತರವನ್ನು ಓದಿದಾಗಲೆಲ್ಲ ಮೈ ಜುಮ್ಮೆನ್ನುತ್ತದೆ. ಅಧಿಕಾರ ತನ್ನ ಒಳಗಿನ ಮಾತನ್ನು ಇಷ್ಟು ನೇರವಾಗಿ ಬಾಯಿಬಿಟ್ಟು ಹೇಳುವುದು ಅಪರೂಪ. ಹೇಳಿಸಿದ್ದು ಯಾವ ಬಲವಂತವೂ ಅಲ್ಲ, ಕಪ್ಪು ನಿಲುವಂಗಿಯ ಒಬ್ಬ ಮನುಷ್ಯ ಕೇಳಿದ ಪ್ರಶ್ನೆ. ಏಪ್ರಿಲ್ 29ರಂದು ಪೈನ್ ಅವರು ವಶಪಡಿಕೆಯನ್ನು ಅಸಿಂಧುಗೊಳಿಸಿದರು.

ಪ್ರಕರಣ ಸುಪ್ರೀಂ ಕೋರ್ಟ್ ಮುಟ್ಟಿತು. ಅಲ್ಲಿದ್ದ ಒಂಬತ್ತು ಮಂದಿಯನ್ನೂ ನೇಮಿಸಿದವರು ಹಿಂದಿನ ಅಧ್ಯಕ್ಷ ರೂಸ್‌ವೆಲ್ಟ್ ಇಲ್ಲವೇ ಟ್ರೂಮನ್. ತಮ್ಮವರೇ ಎಂದು ಅಧ್ಯಕ್ಷರು ನಂಬಿದ್ದರೆ ಅಚ್ಚರಿಯಿಲ್ಲ. ಜೂನ್ 2ರಂದು 6-3ರ ಬಹುಮತದಲ್ಲಿ ಅವರು ಸೋತರು. ಆ ಆರು ಮಂದಿಯಲ್ಲಿ ಟ್ರೂಮನ್ ಅವರದೇ ಅಟಾರ್ನಿ ಜನರಲ್ ಆಗಿದ್ದ ಟಾಮ್ ಕ್ಲಾರ್ಕ್ ಇದ್ದರು. ರೂಸ್‌ವೆಲ್ಟರಿಗೆ ಅದೇ ಹುದ್ದೆಯಲ್ಲಿ ದುಡಿದಿದ್ದ ರಾಬರ್ಟ್ ಜಾಕ್ಸನ್ ಕೂಡ. ಜಾಕ್ಸನ್ ಬರೆದ ಪ್ರತ್ಯೇಕ ಅಭಿಪ್ರಾಯ ಇಂದಿಗೂ ದಾರಿ ತೋರುತ್ತಿದೆ. ಕಾಂಗ್ರೆಸ್ ಜೊತೆಗಿದ್ದಾಗ ಅಧ್ಯಕ್ಷರ ಬಲ ತುಂಬಿದ ಹೊಳೆ. ಅದರ ಇಚ್ಛೆಗೆ ಎದುರಾಗಿ ನಡೆದಾಗ ತಳ ಕಾಣುವ ಹೊಳೆ. ನಡುವೆ ಒಂದು ಮುಸ್ಸಂಜೆಯ ಸೀಮೆ. ಹೊಳೆಯ ಹೋಲಿಕೆ ನನ್ನದು, ಮುಸ್ಸಂಜೆ ಅವರದು. ಅಧಿಕಾರದ ಒಳಮನೆಯಲ್ಲಿ ಬಾಳಿ ಬಂದವರಿಗಷ್ಟೇ ಅದರ ಏರಿಳಿತ ಹೀಗೆ ಕಂಡೀತು.

ಆದರೆ ನನ್ನ ಬೆರಗು ತೀರ್ಪಿನದ್ದಲ್ಲ. ತೀರ್ಪು ಬಂದ ದಿನವೇ ಟ್ರೂಮನ್ ಕಾರ್ಖಾನೆಗಳನ್ನು ಹಿಂದಿರುಗಿಸಲು ಹೇಳಿದರು. ಅವರ ಕೈಯಲ್ಲಿ ಸೈನ್ಯವಿತ್ತು, ಯುದ್ಧದ ನೆಪವಿತ್ತು. ಕೋರ್ಟಿನ ಕೈಯಲ್ಲಿ ಇದ್ದದ್ದು ಟೈಪು ಮಾಡಿದ ಕಾಗದ. ಮುಷ್ಕರ ಆಗಿಯೇ ಆಯಿತು, ಐವತ್ತಕ್ಕೂ ಹೆಚ್ಚು ದಿನ ನಡೆಯಿತು. ನ್ಯಾಯಾಂಗಕ್ಕೆ ಖಡ್ಗವೂ ಇಲ್ಲ, ಥೈಲಿಯೂ ಇಲ್ಲ ಎಂದು 1788ರಲ್ಲೇ, ಆ ಸಂವಿಧಾನ ರೂಪಿಸಿದವರಲ್ಲಿ ಒಬ್ಬರಾದ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಬರೆದಿದ್ದರು. ಏನೂ ಇಲ್ಲದವರ ಮಾತಿಗೆ ಎಲ್ಲ ಇದ್ದವರು ಕೈ ಸಡಿಲಿಸಿದ ಆ ಗಳಿಗೆಯನ್ನು ಎಷ್ಟು ಯೋಚಿಸಿದರೂ ನನಗೆ ಪೂರ್ತಿ ಅರ್ಥವಾಗುವುದಿಲ್ಲ.

ಯಾವಾಗಲೂ ಹೀಗೆ ಆಗಲಿಲ್ಲ ಎಂಬುದೂ ನೆನಪಿದೆ. ಮೂಲನಿವಾಸಿಗಳಾದ ಚೆರೊಕೀ ಜನರ ನೆಲದಲ್ಲಿ ಜಾರ್ಜಿಯಾ ರಾಜ್ಯದ ಕಾನೂನು ನಡೆಯದು ಎಂದು 1832ರಲ್ಲಿ ಇದೇ ಕೋರ್ಟು ಹೇಳಿತ್ತು. ಆ ಕಾಗದ ಅವರನ್ನು ಕಾಯಲಿಲ್ಲ. 1838ರಲ್ಲಿ ಸೈನಿಕರು ಅವರನ್ನು ಮನೆಗಳಿಂದ ಎಬ್ಬಿಸಿ ಶಿಬಿರಗಳಿಗೆ ದೂಡಿದರು, ಪಶ್ಚಿಮಕ್ಕೆ ಅಟ್ಟಿದರು. ಸಾವಿರಾರು ಜನ ಸತ್ತರು. ಟ್ರೂಮನ್ ವಿಧೇಯತೆ ನನಗೆ ಸಹಜವೆಂದು ತೋರದಿರುವುದು, ವರವೆಂದು ತೋರುವುದು, ಈ ಸಾವುಗಳನ್ನು ಬಲ್ಲ ಕಾರಣಕ್ಕೆ.

ಬಹುಮತದ ತೀರ್ಪು ಬರೆದವರು ನ್ಯಾಯಮೂರ್ತಿ ಹ್ಯೂಗೊ ಬ್ಲ್ಯಾಕ್. ಆಮೇಲೆ ಅವರು ಅಲೆಕ್ಸಾಂಡ್ರಿಯದ ತಮ್ಮ ಮನೆಗೆ ಅಧ್ಯಕ್ಷರನ್ನೂ ಸಹನ್ಯಾಯಮೂರ್ತಿಗಳನ್ನೂ ಊಟಕ್ಕೆ ಕರೆದರು. ಟ್ರೂಮನ್ ಹೋದರು. ಮೊದಮೊದಲು ಮುಖ ಬಿಗಿದುಕೊಂಡೇ ಇದ್ದರಂತೆ. ಸ್ವಲ್ಪ ಹೊತ್ತಿನ ಮೇಲೆ, ನಿಮ್ಮ ಕಾನೂನು ನನಗೆ ಹಿಡಿಸಲಿಲ್ಲ ಹ್ಯೂಗೊ, ವಿಸ್ಕಿ ಮಾತ್ರ ಚೆನ್ನಾಗಿದೆ ಎಂದರಂತೆ.