ಉಪಯೋಗ ಮುಗಿದ ಮೇಲಿನ ಹೊಣೆ

ವಸ್ತುವೊಂದರ ಉಪಯೋಗ ಮುಗಿದಾಗ ಅದರ ಬಗೆಗಿನ ಮನುಷ್ಯನ ಹೊಣೆಯೂ ಮುಗಿಯುತ್ತದೆಯೇ ಎಂಬ ಪ್ರಶ್ನೆ ಧರ್ಮಚಿಂತನೆಯಲ್ಲಿ ಹಳೆಯದು; ಆದರೂ ಕಾಲಕಾಲಕ್ಕೆ ಹೊಸ ವಸ್ತುಗಳು ಅದನ್ನು ಮತ್ತೆ ಎದುರಿಗೆ ತಂದು ನಿಲ್ಲಿಸುತ್ತವೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಶಾಲೆ, ಆಸ್ಪತ್ರೆ, ಪೆಟ್ರೋಲ್ ಬಂಕುಗಳ ಗೋಡೆಯಲ್ಲಿ ತೂಗುವ ಅಗ್ನಿನಂದಕ, ಅಂದರೆ ಬೆಂಕಿ ನಂದಿಸುವ ಕೆಂಪು ಸಿಲಿಂಡರ್, ಅಂಥದ್ದೊಂದು ವಸ್ತು. ರಕ್ಷಣೆಗೆಂದೇ ಕೊಂಡು ತಂದ ಈ ಸಾಧನವು ಅವಧಿ ಮೀರಿದ ಮೇಲೆ ಗುಜರಿ ಅಂಗಡಿ ಸೇರಿ, ಅಲ್ಲಿ ಬೇರೊಬ್ಬನ ಪ್ರಾಣಕ್ಕೆ ಎರವಾದರೆ, ಕೊಂಡವನ ರಕ್ಷಣಾಕಾರ್ಯ ಪೂರ್ಣವಾಯಿತೆಂದು ಹೇಳಲಾಗದು.

ನಿರುಪಯುಕ್ತವಾದದ್ದೆಲ್ಲ ನಿರಪಾಯಕರವಲ್ಲ ಎಂಬುದನ್ನು ಈ ಸಾಧನದ ರಚನೆಯೇ ತೋರಿಸುತ್ತದೆ. ಇಂಗಾಲದ ಡೈಆಕ್ಸೈಡ್ ತುಂಬಿದ ಸಿಲಿಂಡರಿನೊಳಗೆ 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿಯೇ ಹೊರಗಾಳಿಯ ಒತ್ತಡದ ಸುಮಾರು 57 ಪಟ್ಟು ಒತ್ತಡವಿದ್ದು, ಬಯಲುಸೀಮೆಯ ಬೇಸಿಗೆಯಲ್ಲಿ ಅದು ಇನ್ನೂ ಏರುತ್ತದೆ. ಒಣಪುಡಿಯ ಕೆಲವು ಮಾದರಿಗಳಲ್ಲಿ ಪುಡಿಯನ್ನು ಹೊರದೂಡುವ ಅನಿಲದ ಕಾರ್ಟ್ರಿಜ್, ಅಂದರೆ ಪುಟ್ಟ ಸಿಲಿಂಡರ್, ಒಳಗೇ ಅಡಗಿರುವುದರಿಂದ ಹೊರಗಿನಿಂದ ನೋಡಿದವನಿಗೆ ಅಪಾಯ ಕಾಣುವುದಿಲ್ಲ. ಹಳೆಯ ಸೋಡಾ-ಆ್ಯಸಿಡ್ ಮಾದರಿಯಲ್ಲಿ ಗಂಧಕಾಮ್ಲದ ಗಾಜಿನ ಶೀಶೆಯಿರುತ್ತದೆ. ಹ್ಯಾಲನ್ ಎಂಬ ಬ್ರೋಮಿನ್‌ಯುಕ್ತ ಅನಿಲವಂತೂ ಓಝೋನ್ ಪದರವನ್ನು, ಅಂದರೆ ಸೂರ್ಯನ ಅತಿನೇರಳೆ ಕಿರಣಗಳನ್ನು ತಡೆಯುವ ವಾಯುಕವಚವನ್ನು, ಶಿಥಿಲಗೊಳಿಸುತ್ತದೆ. ಆದುದರಿಂದಲೇ 1987ರ ಮಾಂಟ್ರಿಯಲ್ ಒಪ್ಪಂದವು ಅದನ್ನು ನಿಯಂತ್ರಣದ ಪಟ್ಟಿಗೆ ಸೇರಿಸಿತು ಮತ್ತು ಭಾರತವು 1992ರಲ್ಲಿ ಆ ಒಪ್ಪಂದವನ್ನು ಒಪ್ಪಿಕೊಂಡಿತು. ಕೆಲವು ಬಗೆಯ ನೊರೆಗಳಲ್ಲಿರುವ ಫ್ಲೋರಿನ್ ಸಂಯುಕ್ತಗಳು ಮಣ್ಣಿನಲ್ಲಿಯೂ ನೀರಿನಲ್ಲಿಯೂ ಸುಲಭವಾಗಿ ವಿಘಟನೆಗೊಂಡು ಕಳೆದುಹೋಗುವಂಥವಲ್ಲ.

ಇಂಥ ವಸ್ತುವನ್ನು ಕೈಬಿಡುವುದು ಎಂದರೇನು ಎಂಬ ವಿಚಾರಕ್ಕೆ ಕಠೋಪನಿಷತ್ತಿನ ಆರಂಭದ ಪ್ರಸಂಗ ನೇರವಾಗಿ ಸಂಬಂಧಿಸಿದೆ. ಸರ್ವಸ್ವವನ್ನೂ ದಾನ ಮಾಡುವ ಯಜ್ಞದಲ್ಲಿ ವಾಜಶ್ರವಸನು ಮೇಯಲಾರದ, ಕರೆಯಲಾರದ ಮುದಿ ಹಸುಗಳನ್ನು ಕೊಡುತ್ತಿದ್ದುದನ್ನು ಕಂಡ ಬಾಲಕ ನಚಿಕೇತನಿಗೆ, ಅಂಥ ದಾನ ಕೊಟ್ಟವನಿಗೆ ಒಳಿತನ್ನು ತಾರದೆಂಬ ಚಿಂತೆ ಹುಟ್ಟುತ್ತದೆ. ತನಗೆ ಬೇಡವಾದುದನ್ನು ಮತ್ತೊಬ್ಬನ ಕೈಗೆ ದಾಟಿಸಿದ ಮಾತ್ರಕ್ಕೆ ತ್ಯಾಗ ಸಿದ್ಧಿಸುವುದಿಲ್ಲ ಎಂಬುದೇ ಈ ಪ್ರಸಂಗದಿಂದ ತಿಳಿಯಬೇಕಾದುದು. ಹಸುಗಳ ವಿಷಯದಲ್ಲಿ ಪಡೆದವನಿಗೆ ಲಾಭವಿಲ್ಲದಿರುವುದಷ್ಟೇ ದೋಷ. ಒತ್ತಡವಿರುವ ಸಿಲಿಂಡರಿನ ವಿಷಯದಲ್ಲಿ ಪಡೆದವನ ಪ್ರಾಣವೇ ಪಣವಾಗುವುದರಿಂದ ದೋಷ ಇನ್ನೂ ಹಿರಿದು.

ಕೊಡಬಾರದ ರೀತಿಯನ್ನು ಉಪನಿಷತ್ತು ತೋರಿಸಿದರೆ, ಬಿಡಬೇಕಾದ ರೀತಿಯನ್ನು ಜೈನ ಆಚಾರಶಾಸ್ತ್ರ ಹೇಳುತ್ತದೆ. ಉಮಾಸ್ವಾತಿಯ ತತ್ತ್ವಾರ್ಥಸೂತ್ರವು ಮುನಿಗಳಿಗೆ ವಿಧಿಸುವ ಐದು ಸಮಿತಿಗಳಲ್ಲಿ, ಅಂದರೆ ಎಚ್ಚರದ ನಡವಳಿಕೆಗಳಲ್ಲಿ, ಕೊನೆಯದು ಉತ್ಸರ್ಗ ಸಮಿತಿ. ಮಲಮೂತ್ರಾದಿಗಳನ್ನು ಜೀವಿಗಳಿಲ್ಲದ ಸ್ಥಳವನ್ನು ನೋಡಿ, ಯಾವ ಪ್ರಾಣಕ್ಕೂ ನೋವಾಗದಂತೆ ವಿಸರ್ಜಿಸಬೇಕೆಂಬುದು ಅದರ ತಾತ್ಪರ್ಯ. ಪಡೆಯುವುದು ಮತ್ತು ಬಳಸುವುದರ ಜೊತೆಯಲ್ಲಿಯೇ ಬಿಡುವುದನ್ನೂ ವ್ರತದ ಅಂಗವೆಂದು ಎಣಿಸಿದ ಈ ದೃಷ್ಟಿಯಲ್ಲಿ, ಅಹಿಂಸೆಯು ಉದ್ದೇಶದಿಂದ ಮಾತ್ರವಲ್ಲ, ನೋಡಿ ಮಾಡುವ ಎಚ್ಚರದಿಂದಲೂ ಅಳೆಯಲ್ಪಡುತ್ತದೆ.

ಸಿಲಿಂಡರನ್ನು ಬೆಲೆಗೆ ಮಾರಿದ ಮೇಲೆ ಹೊಣೆಯೂ ಕೊಂಡವನದೇ ಎಂಬ ಆಕ್ಷೇಪ ಇಲ್ಲಿ ಏಳಬಹುದು. ಆದರೆ ಅಪಾಯವನ್ನು ಅರಿಯದವನು ಅದನ್ನು ಒಪ್ಪಿಕೊಂಡನೆಂದು ಹೇಳಲಾಗದಾದ್ದರಿಂದ, ಒಡೆತನ ದಾಟಿದಂತೆ ಹೊಣೆ ದಾಟುವುದಿಲ್ಲ. ಸಿರಿಗೆರೆ, ಸಾಣೇಹಳ್ಳಿಗಳ ಮಠಗಳಿಂದಾಗಿ ಶರಣರ ಚಿಂತನೆ ಈ ನಾಡಿನ ಜನರಿಗೆ ಚಿರಪರಿಚಿತ. ಆ ಚಿಂತನೆಯಂತೆ ಶ್ರದ್ಧೆಯ ದುಡಿಮೆಯೆಲ್ಲ ಕಾಯಕ, ಅದರ ಫಲವನ್ನು ಸಮಾಜಕ್ಕೆ ಒಪ್ಪಿಸುವುದು ದಾಸೋಹ. ಗುಜರಿಯವನ ಸುತ್ತಿಗೆಯ ಕೆಲಸವೂ ಕಾಯಕವೇ ಆಗಿರುವಾಗ, ಅದರೊಳಗೆ ಅವನಿಗೆ ತಿಳಿಯದ ಸ್ಫೋಟವನ್ನು ಇಟ್ಟು ಕಳುಹಿಸುವುದು ದಾಸೋಹಕ್ಕೆ ನೇರ ವಿರೋಧವಾದುದು. ಚಿಕ್ಕ ಶಾಲೆಗೂ ಅಂಗಡಿಗೂ ವಿಲೇವಾರಿಯ ವೆಚ್ಚ ಭಾರವೆಂಬುದು ನಿಜ; ಅದಕ್ಕೆ ಪರಿಹಾರ ಹೊಣೆಯನ್ನು ಕೆಳಗಿನವನ ಮೇಲೆ ತಳ್ಳುವುದಲ್ಲ, ತಯಾರಕರು ಮತ್ತು ಸ್ಥಳೀಯ ಸಂಸ್ಥೆಗಳು ಅದನ್ನು ಹಂಚಿಕೊಳ್ಳುವುದು.

ಈ ಧರ್ಮದ ಆಚರಣೆ ಕಠಿಣವಲ್ಲ. ಆಯುಧಪೂಜೆಗೆ ಉಪಕರಣಗಳನ್ನು ಇಳಿಸಿ ಒರೆಸುವಾಗ ಅಗ್ನಿನಂದಕದ ಮೇಲಿನ ದಿನಾಂಕವನ್ನೂ ನೋಡಬೇಕು. ಅವಧಿ ಮೀರಿದ್ದರೆ ಅದನ್ನು ಬಿಚ್ಚದೆ, ಚುಚ್ಚದೆ, ಸುಡದೆ, ಮರುಭರ್ತಿ ಮಾಡುವ ಅಧಿಕೃತ ಸಂಸ್ಥೆಗೆ ಒಪ್ಪಿಸಬೇಕು, ದಾರಿ ತಿಳಿಯದಿದ್ದರೆ ಅಗ್ನಿಶಾಮಕ ಠಾಣೆಯನ್ನು ಕೇಳಬೇಕು. ಪರಿಣತರು ಒತ್ತಡವನ್ನು ಇಳಿಸಿ, ಪುಡಿಯನ್ನೂ ನೊರೆಯನ್ನೂ ಚರಂಡಿಗೆ ಬಿಡದೆ ಸಂಗ್ರಹಿಸಿ, ಹ್ಯಾಲನ್ ಇದ್ದರೆ ಗಾಳಿಗೆ ಬಿಡದೆ ಹಿಂಪಡೆದು, ಬಳಿಕ ಸಿಲಿಂಡರನ್ನು ಮತ್ತೆ ಜೋಡಿಸಲಾಗದಂತೆ ಕತ್ತರಿಸಿದಾಗ ಮಾತ್ರ ಅದು ಬರಿಯ ಉಕ್ಕಾಗಿ ಕುಲುಮೆಗೆ ಅರ್ಹವಾಗುತ್ತದೆ. ರಕ್ಷಣೆಯ ಸಂಕಲ್ಪದಿಂದ ವಸ್ತುವನ್ನು ತಂದವನ ಹೊಣೆ ಮುಗಿಯುವುದು ಅದು ತನಗೆ ಬೇಡವಾದಾಗಲ್ಲ, ಅದರಿಂದ ಯಾರಿಗೂ ಕೇಡಾಗದೆಂಬುದು ಖಚಿತವಾದಾಗ.