ಸುಮ್ಮನಿದ್ದವನ ಹೊಣೆ

ಸುಳ್ಳು ಹೇಳುವುದು ಮೋಸ, ಸುಮ್ಮನಿರುವುದು? ನಮ್ಮ ಕಡಗಂಚಿಯ ಹುಡುಗನೊಬ್ಬ ಪುಣೆಯಿಂದ ಹಳೆಯ ಸ್ಪೋರ್ಟ್ಸ್ ಕಾರು ಕೊಂಡು ತಂದ. ತಿಂಗಳೊಳಗೆ ಹೊಸ ಬಣ್ಣದಡಿ ತುಕ್ಕು ಕಂಡಿತು, ಎಂಜಿನ್ ಹೊಗೆ ಉಗುಳತೊಡಗಿತು. “ಮಾರಿದಾಂವ ಸುಳ್ಳೇನ್ ಹೇಳಿಲ್ರೀ ಅಕ್ಕೋರ, ಸುಮ್ಮ ಇದ್ದ” ಎಂದ.

1872ರ ಭಾರತೀಯ ಕರಾರು ಕಾಯ್ದೆಯ 17ನೇ ಕಲಮಿನಲ್ಲಿ ಒಂದು ದೃಷ್ಟಾಂತವಿದೆ. ಕುದುರೆಯ ಐಬು ಗೊತ್ತಿದ್ದೂ ಹೇಳದೆ ಹರಾಜಿನಲ್ಲಿ ಮಾರಿದರೆ ಅದು ವಂಚನೆಯಲ್ಲ. ಆದರೆ ಕೊಳ್ಳುವವಳು ಆಗತಾನೇ ಪ್ರಾಪ್ತವಯಸ್ಕಳಾದ ಸ್ವಂತ ಮಗಳಾದರೆ, ಹೇಳುವುದು ತಂದೆಯ ಕರ್ತವ್ಯ. ಮೌನ ಅದೇ, ಕುದುರೆ ಅದೇ. ಬದಲಾದದ್ದು ಸಂಬಂಧ ಮಾತ್ರ.

ನಮ್ಮ ಸೀಮೆಯ ದನದ ಸಂತೆಯಲ್ಲಿ ಮಾರುವವನು ಕೊಳ್ಳುವವನನ್ನು ‘ಅಣ್ಣಾ’, ‘ತಮ್ಮಾ’ ಎಂದೇ ಮಾತಿಗೆಳೆಯುತ್ತಾನೆ. ಹಾಗೆ ಕರೆದ ಮೇಲೆ ಕಾನೂನು ಬಿಟ್ಟರೂ ಆ ಕರೆ ಬಿಡದು. ಐಬು ಹೇಳಲಾರದವನಿಗೆ ‘ತಮ್ಮಾ’ ಎನ್ನುವ ಹಕ್ಕಿಲ್ಲ.